ಕಂಗ್ರಾಜುಲೇಷನ್ಸ್ ಲಕೋಟೆಗಳೂ ನಮ್ಮ ಅಪ್ಪಯ್ಯನೂ

ನಮ್ಮ ಅಪ್ಪಯ್ಯ ಮೂವತ್ತೆಂಟು ವರ್ಷ ಅಂಚೆ ಇಲಾಖೆಯಲ್ಲಿದ್ದವರು. ತೀರ್ಥಹಳ್ಳಿ ಕಡೆಯ ಒಂದು ಸಬ್ ಪೋಸ್ಟ್ ಆಫೀಸಿನಲ್ಲಿ ಪೋಸ್ಟ್ ಮಾಸ್ಟರ್ ಆಗಿ ನಿವೃತ್ತರಾದರು. ಅವರೆದುರು ಬಿಡಿಸದ ಲಕೋಟೆಯನ್ನು ಕಸಕ್ಕೆ ಹಾಕುವುದು ಅಂದರೆ ಊಟದ ಎಲೆ ತುಳಿದ ಹಾಗೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ 2024ರ ಮೇ ತಿಂಗಳಲ್ಲಿ ಅವರೂ ಅಮ್ಮನೂ ಅಮೆರಿಕದ ಓಹಾಯೋ ರಾಜ್ಯದಲ್ಲಿ ನಾವಿರುವ ಕೊಲಂಬಸ್‌ಗೆ ಬಂದಿಳಿದ ಮೂರನೇ ದಿನವೇ ನಾನು ಸಿಕ್ಕಿಬಿದ್ದೆ.

ಆಫೀಸಿಂದ ಬಂದವಳು ಬೀದಿ ಮೂಲೆಯ ಡಬ್ಬಿಯಿಂದ ಟಪಾಲು ತೆಗೆದು, ಒಳಗೆ ಬರುತ್ತಾ ಬರುತ್ತಾ ಏಳೆಂಟು ಲಕೋಟೆಗಳನ್ನು ನೇರ ರೀಸೈಕಲ್ ಬುಟ್ಟಿಗೆ ಹಾಕಿದೆ. ಕೈ ತಾನಾಗಿಯೇ ಮಾಡುವ ಕೆಲಸ ಅದು. ಸೋಫಾದಲ್ಲಿ ಕೂತಿದ್ದ ಅಪ್ಪಯ್ಯ ಎದ್ದೇ ಬಿಟ್ಟರು.

"ಎಂತ ಮಾರಾಯ್ತಿ, ನಿನ್ನ ಹೆಸರು ಬರೆದ ಕಾಗದ ಅಲ್ವಾ ಅದು?"

"ಜಂಕ್ ಮೇಲ್ ಅಪ್ಪಯ್ಯ. ಕ್ರೆಡಿಟ್ ಕಾರ್ಡ್ ತಗೊಳ್ಳಿ ಅಂತ ಕಳಿಸ್ತಾರೆ. ದಿನಾ ಬರುತ್ತೆ."

"ಹೆಸರು, ವಿಳಾಸ ಸರಿ ಇದ್ದ ಮೇಲೆ ಅದು ಟಪಾಲು. ಜಂಕ್ ಹೌದೋ ಅಲ್ಲವೋ ಓದಿದ ಮೇಲೆ ಹೇಳು."

ಬುಟ್ಟಿಯಿಂದ ಎಲ್ಲವನ್ನೂ ಹೆಕ್ಕಿ, ಟೇಬಲ್ ಮೇಲೆ ಅಂಚು ಕೂಡಿಸಿ ಜೋಡಿಸಿದರು. ಆವತ್ತಿಂದ ಅಕ್ಟೋಬರ್‌ವರೆಗೆ ನಮ್ಮ ಮನೆಯ ಟಪಾಲು ಖಾತೆ ಅವರದ್ದು. ದಿನಾ ಮೂರು ಗಂಟೆಗೆ ಅಂಚೆಯವರ ಬಿಳಿ ಬಂಡಿ ಬರುವ ಹೊತ್ತಿಗೆ ಅವರು ಡಬ್ಬಿ ಹತ್ತಿರ ಹಾಜರ್. ಆ ಬಂಡಿಯ ಸ್ಟೇರಿಂಗು ನಮ್ಮೂರಿನ ಹಾಗೆ ಬಲಗಡೆಗೇ ಇರುತ್ತದೆ. ಕೂತಲ್ಲಿಂದಲೇ ಡಬ್ಬಿಗೆ ಕೈ ಎಟುಕಲಿ ಅಂತ. ಇಡೀ ಅಮೆರಿಕದಲ್ಲಿ ಬುದ್ಧಿ ಇರುವ ಗಾಡಿ ಅದೊಂದೇ ಅಂತ ಅಪ್ಪಯ್ಯನ ಅಭಿಪ್ರಾಯ.

ಮೊದಲ ವಾರ ಬಂದದ್ದರಲ್ಲಿ ಒಂದು ಲಕೋಟೆ ಸ್ವಲ್ಪ ದಪ್ಪ ಇತ್ತು. ಮುಟ್ಟಿದರೆ ಒಳಗೆ ಗಟ್ಟಿಯಾಗಿ ಕಾರ್ಡು ಸಿಗುತ್ತದೆ. ಮೇಲೆ ದಪ್ಪ ಅಕ್ಷರದಲ್ಲಿ "ಕಂಗ್ರಾಜುಲೇಷನ್ಸ್, ಯು ಆರ್ ಪ್ರಿ-ಅಪ್ರೂವ್ಡ್." ಅಪ್ಪಯ್ಯ ಕತ್ತರಿಯಲ್ಲಿ ಅಂಚು ಸೀಳಿ ತೆಗೆದರು. ಬೆಳ್ಳಿ ಬಣ್ಣದ ಕಾರ್ಡು, ಅದರ ಮೇಲೆ ನನ್ನ ಪೂರ್ತಿ ಹೆಸರು, ಅಪ್ಪಯ್ಯನ ಹೆಸರಿನ ಇನಿಷಿಯಲ್ ಸಮೇತ. ನೋಡಿ ಅವರ ಮುಖ ಅರಳಿತು. ಅಮ್ಮನನ್ನು ಕರೆದು ತೋರಿಸಿದರು. "ಮಂಜೂರಾಗಿ ಬಂದಿದೆ ನೋಡು. ಇವಳು ಕಸಕ್ಕೆ ಹಾಕ್ತಾ ಇದ್ದಳು."

ಅದು ರಟ್ಟು. ಕಾರ್ಡಿನ ಆಕಾರಕ್ಕೆ ಕತ್ತರಿಸಿ, ಮೇಲೆ ಹೊಳಪು ಹಚ್ಚಿದ ರಟ್ಟು. ನಂಬರು ಇರಬೇಕಾದಲ್ಲಿ ಸೊನ್ನೆಗಳು. ಹಿಂದೆ ತಿರುಗಿಸಿದರೆ, ಇದು ನಿಜವಾದ ಕಾರ್ಡ್ ಅಲ್ಲ ಅಂತ ಇರುವೆ ಸಾಲಿನ ಹಾಗೆ ಒಂದು ಸಾಲು. ಅಪ್ಪಯ್ಯ ಮಾತಾಡಲಿಲ್ಲ. ಆದರೆ ಆ ರಟ್ಟನ್ನು ಎಸೆಯಲೂ ಇಲ್ಲ. ಪರ್ಸಿನಲ್ಲಿ ಇಟ್ಟುಕೊಂಡರು. ಊರಿಗೆ ಹೋದ ಮೇಲೆ ಎಷ್ಟು ಜನಕ್ಕೆ ತೋರಿಸಿದರೋ.

ನನಗೂ ಒಂದು ಕಾಲದಲ್ಲಿ ಹೀಗೇ ಮುಖ ಅರಳಿತ್ತು. ಅದನ್ನು ಆವತ್ತು ರಾತ್ರಿ ಊಟ ಮಾಡುವಾಗ ಅವರಿಗೆ ಹೇಳಿದೆ.

ನಾನು ಈ ದೇಶಕ್ಕೆ ಬಂದಾಗ ನನಗೆ ಕ್ರೆಡಿಟ್ ಚರಿತ್ರೆಯೇ, ಅಂದರೆ ಸಾಲ ತಗೊಂಡು ತೀರಿಸಿದ ದಾಖಲೆಯೇ ಇರಲಿಲ್ಲ. ಇಲ್ಲಿ ಅದಿಲ್ಲದಿದ್ದರೆ ಮನುಷ್ಯ ಇದ್ದೂ ಇಲ್ಲದ ಹಾಗೆ. ಬೆಂಗಳೂರಿನಲ್ಲಿ ಆರು ವರ್ಷ ಸಂಬಳ ತಗೊಂಡಿದ್ದೆ, ಒಂದು ಕಂತೂ ತಪ್ಪಿಸಿರಲಿಲ್ಲ. ಅದು ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ. ಕೆಲಸ ಸಿಕ್ಕಿದ ಮೇಲೆ ಸೆಕ್ಯೂರ್ಡ್ ಕಾರ್ಡು ಮಾಡಿಸಿದೆ. ಅಂದರೆ 300 ಡಾಲರ್ ನಾವೇ ಬ್ಯಾಂಕಿನಲ್ಲಿ ಅಡವಿಡಬೇಕು, ಅಷ್ಟೇ ಹಣವನ್ನು ಅವರು ನಮಗೆ ಸಾಲ ಅಂತ ಕೊಡುತ್ತಾರೆ! ನಮ್ಮ ದುಡ್ಡನ್ನೇ ನಮಗೆ ಸಾಲ ಕೊಟ್ಟು ನಮ್ಮ ಯೋಗ್ಯತೆ ನೋಡುವ ಏರ್ಪಾಡು. ಎಂಟು ತಿಂಗಳು ತಪ್ಪದೆ ಕಟ್ಟಿದೆ.

ಆಗ ಬಂತು ಮೊದಲ ಲಕೋಟೆ. "ನೀವು ಈಗಾಗಲೇ ಆಯ್ಕೆಯಾಗಿದ್ದೀರಿ." ಕಾಯ್ದಿರಿಸಿದ ನಂಬರು ಬೇರೆ ಕೊಟ್ಟಿದ್ದರು, ರೈಲಿನ ಸೀಟಿನ ಹಾಗೆ. ಗಡುವಿನ ತಾರೀಕೂ ಇತ್ತು. ನನ್ನನ್ನು ಈ ದೇಶ ಕೊನೆಗೂ ಗುರುತಿಸಿತು ಅನ್ನಿಸಿತು. ನಗಬೇಡಿ, ನಿಜವಾಗಿಯೂ ಅನ್ನಿಸಿತು. ಗಂಡನಿಗೆ ಫೋನ್ ಮಾಡಿ ಹೇಳಿದ್ದೆ. ಆವತ್ತೇ ಆ ನಂಬರು ಹಾಕಿ, ಸಂಬಳ, ಬಾಡಿಗೆ, ಸೋಶಿಯಲ್ ಸೆಕ್ಯುರಿಟಿ ನಂಬರು ಎಲ್ಲ ತುಂಬಿಸಿ ಕಳಿಸಿದೆ.

ಹತ್ತು ದಿನಕ್ಕೆ ಇನ್ನೊಂದು ಕಾಗದ ಬಂತು. ಈ ಸಲ ಲಕೋಟೆ ಮೇಲೆ ಕಂಗ್ರಾಜುಲೇಷನ್ಸ್ ಇರಲಿಲ್ಲ. ತೆಳ್ಳಗಿನ ಬಿಳಿ ಲಕೋಟೆ. ನಿಮ್ಮ ಅರ್ಜಿಯನ್ನು ಒಪ್ಪಲು ಆಗುತ್ತಿಲ್ಲ, ಕಾರಣಗಳು ಕೆಳಗಿವೆ: ಕ್ರೆಡಿಟ್ ಚರಿತ್ರೆ ತೀರಾ ಚಿಕ್ಕದು, ಇತ್ತೀಚೆಗೆ ಹೊಸ ಸಾಲ ಮಾಡಲಾಗಿದೆ. ಹೊಸ ಸಾಲ ಅಂದರೆ ನಡುವೆ ತಗೊಂಡಿದ್ದ ಹಳೇ ಕೊರೊಲಾ ಕಾರಿನದ್ದು. ಚರಿತ್ರೆ ಚಿಕ್ಕದು ಅನ್ನುವುದು ಕಾಗದ ಕಳಿಸುವಾಗ ಇವರಿಗೆ ಗೊತ್ತಿರಲಿಲ್ಲವಾ? ಮೇಲಿಂದ ಆ ಅರ್ಜಿ ಹಾಕಿದ್ದಕ್ಕೆ ನನ್ನ ಕ್ರೆಡಿಟ್ ವರದಿಯಲ್ಲಿ ಒಂದು ಹಾರ್ಡ್ ಎನ್‌ಕ್ವೈರಿ, ಅಂದರೆ ಇವಳು ಸಾಲ ಕೇಳಿದ್ದಳು ಅನ್ನುವ ಗುರುತು ಬಿತ್ತು. ಅದು ಎರಡು ವರ್ಷ ಅಲ್ಲೇ ಕೂತಿರುತ್ತದೆ. ಸಾಲದ ಯೋಗ್ಯತೆ ಅಳೆಯುವ ಸ್ಕೋರೂ ಸ್ವಲ್ಪ ಇಳಿಯಿತು.

ಅಪ್ಪಯ್ಯ ತುತ್ತು ಕೈಯಲ್ಲೇ ಹಿಡಿದು ಕೇಳಿದರು. "ಅಲ್ಲ, ಬೇಡ ಅನ್ನೋದಾಗಿದ್ದರೆ ಕರೆದದ್ದು ಯಾಕೆ? ಲಗ್ನಪತ್ರಿಕೆ ಕೊಟ್ಟು, ಊಟಕ್ಕೆ ಕೂತವರನ್ನ ಪಂಕ್ತಿಯಿಂದ ಎಬ್ಬಿಸಿದ ಹಾಗಾಯ್ತಲ್ಲ."

ಕರೆದದ್ದು ಯಾಕೆ ಅನ್ನುವುದು ನನಗೆ ಆಮೇಲೆ ಗೊತ್ತಾಗಿತ್ತು. ಇಲ್ಲಿ ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಅಂತ ಮೂರು ದೊಡ್ಡ ಕ್ರೆಡಿಟ್ ಬ್ಯೂರೋಗಳಿವೆ. ನಮ್ಮ ಎಲ್ಲ ಸಾಲದ ಜಾತಕ ಅವರ ಹತ್ತಿರ. ಇಂತಿಷ್ಟರಿಂದ ಇಂತಿಷ್ಟು ಸ್ಕೋರ್ ಇರುವವರು, ಇಂಥ ಜಾಗದಲ್ಲಿರುವವರು, ದಿವಾಳಿ ಆಗದವರು, ಹೀಗೆ ಬ್ಯಾಂಕು ಒಂದು ಜರಡಿ ಕೊಡುತ್ತದೆ. ಬ್ಯೂರೋ ಆ ಜರಡಿ ಹಿಡಿದು, ಉಳಿದವರ ಹೆಸರಿನ ಪಟ್ಟಿ ಮಾರುತ್ತದೆ. ಇದಕ್ಕೆ ನಮ್ಮ ಒಪ್ಪಿಗೆ ಬೇಕಿಲ್ಲ. ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆಕ್ಟ್ ಅನ್ನುವ ಕಾನೂನೇ ಅವಕಾಶ ಕೊಟ್ಟಿದೆ. ಒಂದೇ ಷರತ್ತು: ಪಟ್ಟಿಯಲ್ಲಿ ಬಂದವರಿಗೆ ಬ್ಯಾಂಕು ಸುಮ್ನೆ ಜಾಹೀರಾತು ಕಳಿಸಬಾರದು, ಗಟ್ಟಿಯಾದ ಸಾಲದ ಆಫರನ್ನೇ ಕೊಡಬೇಕು. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಗಟ್ಟಿ ಆಫರಿಗೂ ಬಾಲ ಇದೆ. ನಾವು ಉತ್ತರ ಕೊಡುವ ಹೊತ್ತಿಗೆ ಆ ಜರಡಿಯಲ್ಲಿ ಇನ್ನೂ ನಿಲ್ಲುತ್ತೇವಾ ಅಂತ ಬ್ಯಾಂಕು ಮತ್ತೆ ನೋಡಬಹುದು. ಸಂಬಳ, ಕೆಲಸ ನಿಜವಾ ಅಂತ ನೋಡಬಹುದು. ಮೊದಲೇ ಬರೆದಿಟ್ಟುಕೊಂಡ ಬೇರೆ ಷರತ್ತು ಇದ್ದರೆ ಅದನ್ನೂ ನೋಡಬಹುದು. ಅಂದರೆ ಪ್ರಿ-ಅಪ್ರೂವ್ಡ್ ಅನ್ನುವ ಮಾತಿನಲ್ಲಿ ಪ್ರಿ ಮಾತ್ರ ಆಗಿರುತ್ತದೆ, ಅಪ್ರೂವ್ ಇನ್ನೂ ಆಗಿರುವುದಿಲ್ಲ.

ಅಪ್ಪಯ್ಯನಿಗೆ ಬ್ಯೂರೋ, ಸ್ಕೋರ್ ಎಲ್ಲ ಅಷ್ಟಾಗಿ ಹಿಡಿಸಲಿಲ್ಲ. ಜರಡಿ ಮಾತ್ರ ಹಿಡಿಸಿತು. "ಜರಡಿಯಲ್ಲಿ ಉಳಿದ ಮಾತ್ರಕ್ಕೆ ಅಕ್ಕಿ ಅನ್ನ ಆಯ್ತಾ?" ಅಂದರು. ಆಮೇಲೆ ಭೂತಗನ್ನಡಿ ತರಿಸಿಕೊಂಡರು. ಅಮೆಜಾನ್‌ನಲ್ಲಿ, ಲೈಟು ಇರುವಂಥದ್ದು, ಎಂಟು ಡಾಲರ್.

ಇಲ್ಲಿಂದ ಅವರ ಓದು ಶುರು. ಆ ಓದುವ ಕ್ರಮ ಹೇಳಬೇಕು. ಅವರು ಕಾಗದವನ್ನು ಹಿಂದಿನ ಪುಟದಿಂದ ಓದುತ್ತಿದ್ದರು. ಯಾಕೆ ಅಂತ ಕೇಳಿದೆ. "ಮನಿಯಾರ್ಡರ್ ಫಾರಂನಲ್ಲೂ ನಿಯಮ ಹಿಂದೆಯೇ ಇರುತ್ತಿತ್ತು. ಮುಂದಿನದ್ದು ಕಳಿಸಿದವರು ಬರೆದದ್ದು. ಹಿಂದಿನದ್ದು ಬರೆಯಲೇಬೇಕು ಅಂತ ಬರೆದದ್ದು. ಸತ್ಯ ಬೇಕಾದರೆ ಹಿಂದಿನದ್ದು ಓದಬೇಕು."

ಅವರು ಸುಮ್ನೆ ಹೇಳಿದ್ದೇ ಇರಬಹುದು. ಆದರೆ ನಾನು ಎಂಟು ವರ್ಷದಲ್ಲಿ ಗಮನಿಸದೆ ಇದ್ದದ್ದನ್ನು ಅವರು ಎಂಟು ದಿನದಲ್ಲಿ ಹಿಡಿದಿದ್ದರು. ಹಿಂದಿನ ಪುಟದಲ್ಲಿ ಒಂದು ಚೌಕದ ಪಟ್ಟಿ ಇರುತ್ತದಲ್ಲ, ಬಡ್ಡಿ ಇಷ್ಟು, ವಾರ್ಷಿಕ ಶುಲ್ಕ ಇಷ್ಟು, ತಡವಾದರೆ ಇಷ್ಟು ಅಂತ? ಅದನ್ನು ಇಲ್ಲಿ ಶೂಮರ್ ಬಾಕ್ಸ್ ಅನ್ನುತ್ತಾರೆ. ಚಕ್ ಶೂಮರ್ ಅಂತ ನ್ಯೂಯಾರ್ಕಿನವರು, ಈಗ ಸೆನೆಟರ್. ಅವರು ಕೆಳಮನೆಯಲ್ಲಿದ್ದಾಗ 1988ರಲ್ಲಿ ಆದ ಕಾನೂನಿನಿಂದ ಬಂದದ್ದು. ಅದಕ್ಕೂ ಮೊದಲು ಬಡ್ಡಿ ದರ ಹುಡುಕಬೇಕಾದರೆ ಕಾಡಿನಲ್ಲಿ ಕಳೆದ ಕರು ಹುಡುಕಿದ ಹಾಗೆ ಇತ್ತಂತೆ. ಈಗ ಪಟ್ಟಿ ಹಾಕಲೇಬೇಕು. ಎಲ್ಲ ಬ್ಯಾಂಕಿನವರೂ ಒಂದೇ ರೀತಿ ಹಾಕಬೇಕು. ಹಾಗಾಗಿ ಎರಡು ಕಾಗದ ಅಕ್ಕಪಕ್ಕ ಇಟ್ಟರೆ ಹೋಲಿಸಬಹುದು.

ಅಪ್ಪಯ್ಯ ಹೋಲಿಸಿದರು. ನನ್ನ ಹಳೇ ಡೈರಿಯೊಂದರಲ್ಲಿ ಗೆರೆ ಎಳೆದು ರಿಜಿಸ್ಟರ್ ಮಾಡಿದರು. ಬಂದ ತಾರೀಕು, ಎಲ್ಲಿಂದ, ಮುಂದೆ ಏನು ಹೇಳಿದೆ, ಹಿಂದೆ ಏನು ಹೇಳಿದೆ. ಒಂದು ನಮೂದು ನೆನಪಿದೆ. ಮುಂದೆ: ಬಡ್ಡಿ ಸೊನ್ನೆ. ಹಿಂದೆ: ಹದಿನೈದು ತಿಂಗಳು ಮಾತ್ರ, ಆಮೇಲೆ 19.99ರಿಂದ 29.99, "ನಿಮ್ಮ ಯೋಗ್ಯತೆಗೆ ತಕ್ಕಂತೆ". ಈ ಕೊನೆಯ ಮಾತಿಗೆ ಅವರು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು. ಮಂಜೂರಾಗಿದೆ ಅಂದವರಿಗೆ ಯೋಗ್ಯತೆ ಇನ್ನೂ ಗೊತ್ತಿಲ್ಲವಾ ಅಂತ.

ಎಲ್ಲಿಂದ ಅನ್ನುವ ಕಾಲಂ ಅವರಿಗೆ ದೊಡ್ಡ ತಲೆನೋವಾಯಿತು. ಒಂದು ತಿಂಗಳ ನಂತರ ಡೈರಿ ತಂದು ಮುಂದಿಟ್ಟರು. "ಇಷ್ಟು ದೊಡ್ಡ ದೇಶ. ಬ್ಯಾಂಕಿನವರಿಗೆ ಇರುವುದು ಇವೆರಡೇ ಊರಾ?" ನೋಡಿದರೆ ಹೌದು. ಹೆಚ್ಚಿನವು ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್, ಇಲ್ಲವೇ ಸೌತ್ ಡಕೋಟಾದ ಸೂ ಫಾಲ್ಸ್. ನ್ಯೂಯಾರ್ಕ್ ಇಲ್ಲವೇ ಇಲ್ಲ. ಸೂ ಫಾಲ್ಸ್ ಎಲ್ಲಿದೆ ಅಂತ ನನಗೇ ಮ್ಯಾಪ್ ನೋಡಬೇಕಾಯಿತು. ಜೋಳದ ಹೊಲಗಳ ನಡುವಿನ ಊರು.

ಹುಡುಕಿದೆ. ಕತೆ ಸೊಗಸಾಗಿದೆ. 1978ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ನೆಬ್ರಾಸ್ಕಾ ರಾಜ್ಯದ ಒಂದು ಬ್ಯಾಂಕು ಮಿನೆಸೋಟಾ ರಾಜ್ಯದ ಗಿರಾಕಿಗಳಿಗೆ ಕಾರ್ಡು ಕೊಟ್ಟಿತ್ತು. ಮಿನೆಸೋಟಾದಲ್ಲಿ ಬಡ್ಡಿಗೆ ಶೇ. 12ರ ಮಿತಿ, ನೆಬ್ರಾಸ್ಕಾದಲ್ಲಿ ಶೇ. 18. ಯಾವುದು ನಡೆಯಬೇಕು? ಬ್ಯಾಂಕು ಇರುವ ರಾಜ್ಯದ್ದು ಅಂತ ಕೋರ್ಟು ಹೇಳಿತು. ಅಷ್ಟೇ ಸಾಕಾಯಿತು. 1980ರಲ್ಲಿ ಸೌತ್ ಡಕೋಟಾ ತನ್ನ ಬಡ್ಡಿ ಮಿತಿಯನ್ನೇ ತೆಗೆದುಹಾಕಿತು. ಮರುವರ್ಷ ಸಿಟಿಬ್ಯಾಂಕ್ ತನ್ನ ಕಾರ್ಡಿನ ವ್ಯವಹಾರವನ್ನು ನ್ಯೂಯಾರ್ಕಿನಿಂದ ಸೂ ಫಾಲ್ಸ್‌ಗೆ ಸಾಗಿಸಿತು. ಡೆಲವೇರ್ ಕೂಡ 1981ರಲ್ಲಿ ಹಾಗೆಯೇ ಬಾಗಿಲು ತೆರೆಯಿತು. ಕಾಗದ ಎಲ್ಲಿಂದ ಬಂತು ಅನ್ನುವುದರಲ್ಲಿಯೇ ಬಡ್ಡಿ ಯಾಕೆ ಜಾಸ್ತಿ ಅನ್ನುವುದಕ್ಕೆ ಉತ್ತರ ಇದೆ. ಓಹಾಯೋದಲ್ಲಿ ಕೂತ ನಾನು ಕಟ್ಟುವುದು ಡಕೋಟಾದ ಬಡ್ಡಿ.

ಅಪ್ಪಯ್ಯ ಮೆಚ್ಚಿ ತಲೆದೂಗಿದರು. ಬ್ಯಾಂಕಿಗೆ ಅಲ್ಲ, ತಮಗೇ. "ಠಸ್ಸೆ ನೋಡದೆ ಕಾಗದ ಓದಬಾರದು ಅಂತ ಅದಕ್ಕೇ ಹೇಳೋದು."

ಅಮ್ಮನಿಗೆ ಇದು ಯಾವುದೂ ಬೇಕಿರಲಿಲ್ಲ. ಅವಳು ಒಳಗಿನ ಉತ್ತರದ ಲಕೋಟೆಗಳನ್ನು ಮಾತ್ರ ಎತ್ತಿಡುತ್ತಿದ್ದಳು. ಅಂಚೆ ಚೀಟಿ ಬೇಕಿಲ್ಲದ, ಅಂಟು ಹಚ್ಚಿದ, ಒಳ್ಳೇ ಕಾಗದದ ಲಕೋಟೆಗಳು. ಹಿತ್ತಲಲ್ಲಿ ಬೆಳೆದ ಹರಿವೆ, ಬಸಳೆ, ಅವರೆ ಬೀಜ ಎಲ್ಲ ಆರಿಸಿ ಒಣಗಿಸಿ ಅದರಲ್ಲಿ ತುಂಬಿ, ಮೇಲೆ ಕನ್ನಡದಲ್ಲಿ ಹೆಸರು ಬರೆದಿಟ್ಟಿದ್ದಾಳೆ. ಈಗಲೂ ನಮ್ಮ ಅಡುಗೆಮನೆ ಡ್ರಾಯರಿನಲ್ಲಿ ವಿಲ್ಮಿಂಗ್ಟನ್ ವಿಳಾಸದ ಹರಿವೆ ಇದೆ.

ಜುಲೈ ಕೊನೆಯಲ್ಲಿ ಒಂದು ಗಲಾಟೆ ಆಯಿತು. ನಮ್ಮ ಮನೆಯಲ್ಲಿ ಮೊದಲು ಬಾಡಿಗೆಗಿದ್ದವರ ಹೆಸರಿಗೆ ಇನ್ನೂ ಪ್ರಿ-ಅಪ್ರೂವ್ಡ್ ಕಾಗದಗಳು ಬರುತ್ತವೆ. ಅಪ್ಪಯ್ಯ ಅದನ್ನು ಬಿಡಿಸಲಿಲ್ಲ. ಬೇರೆಯವರ ಟಪಾಲು ಬಿಡಿಸುವುದು ಇಲ್ಲಿ ಅಪರಾಧ. ಮೇಲೆ "ಈ ವಿಳಾಸದಲ್ಲಿ ಇಲ್ಲ" ಅಂತ ಇಂಗ್ಲಿಷಿನಲ್ಲಿ ದುಂಡಗೆ ಬರೆದು, ಬಂಡಿಯವರ ಕೈಗೆ ಕೊಟ್ಟರು. ಆ ಮನುಷ್ಯ ನಗುತ್ತಾ ತಗೊಂಡು, ಇದು ವಾಪಸ್ ಹೋಗುವುದಿಲ್ಲ, ರೀಸೈಕಲ್‌ಗೆ ಹೋಗುತ್ತದೆ ಅಂದರು. ಮೂಲೆಯಲ್ಲಿ ಪಿಆರ್‌ಎಸ್‌ಆರ್‌ಟಿ ಎಸ್‌ಟಿಡಿ ಅಂತ ಮುದ್ರೆ ಇದ್ದರೆ ಅದು ಕಡಿಮೆ ದರದ ರಾಶಿ ಟಪಾಲು. ವಾಪಸ್ ಕಳಿಸಿ ಅಂತ ಕಳಿಸಿದವರು ಬರೆದಿರದಿದ್ದರೆ ಅಂಚೆಯವರೇ ಅದನ್ನು ವಿಲೇವಾರಿ ಮಾಡುತ್ತಾರೆ. ನಿಯಮವೇ ಹಾಗೆ.

"ಪೋಸ್ಟ್ ಆಫೀಸಿನವರೇ ಕಾಗದ ಎಸೆಯುವುದಾ!" ಅಪ್ಪಯ್ಯ ಆವತ್ತು ಸಂಜೆ ವಾಕಿಂಗಿಗೂ ಹೋಗಲಿಲ್ಲ. 2003ರ ಮಳೆಗಾಲದಲ್ಲಿ ಹೊಳೆ ಬಂದಾಗ ಟಪಾಲು ಚೀಲ ತಲೆ ಮೇಲೆ ಹೊತ್ತು ದಾಟಿದ ಕತೆಯನ್ನು ಮತ್ತೆ ಹೇಳಿದರು. ಅದರಲ್ಲಿ ಇದ್ದದ್ದು ಎರಡು ಪೋಸ್ಟ್ ಕಾರ್ಡು, ಒಂದು ವಿಧವಾ ವೇತನದ ಮನಿಯಾರ್ಡರು.

ಅವರನ್ನು ಸಮಾಧಾನ ಮಾಡಲು ನಾನು ಫ್ರೆಸ್ನೋ ಕತೆ ಹೇಳಿದೆ. ಸಮಾಧಾನ ಆಗಲಿಲ್ಲ, ಕೋಪ ಜಾಸ್ತಿಯಾಯಿತು. 1958ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಊರಿನ 60,000 ಜನಕ್ಕೆ, ಯಾರೂ ಕೇಳದೆ, ನಿಜವಾದ ಕಾರ್ಡುಗಳನ್ನೇ ಅಂಚೆಯಲ್ಲಿ ಹಾಕಿತು. ರಟ್ಟಲ್ಲ, ನೇರ ಅಂಗಡಿಗೆ ಹೋಗಿ ಬಳಸಬಹುದಾದ ಕಾರ್ಡು. ಅದೇ ಮುಂದೆ ವೀಸಾ ಕಾರ್ಡ್ ಆದದ್ದು. ಬೇರೆ ಬ್ಯಾಂಕುಗಳೂ ಹಿಂದೆ ಬಿದ್ದವು. ಕಾರ್ಡು ಡಬ್ಬಿಯಿಂದ ಕಳವಾಯಿತು, ಕೇಳದವರ ಹೆಸರಿಗೆ ಬಿಲ್ಲು ಬಂತು. 1970ರಲ್ಲಿ ಕೊನೆಗೂ, ಕೇಳದೆ ಕಾರ್ಡು ಕಳಿಸುವಂತಿಲ್ಲ ಅಂತ ಕಾನೂನು ಬಂತು. ಕಾರ್ಡು ನಿಂತಿತು, ರಟ್ಟಿನ ಕಾರ್ಡು ಬಂತು.

"ಹನ್ನೆರಡು ವರ್ಷ ಅಂಚೆಯವರು ಏನು ಮಾಡ್ತಿದ್ದರು?" ಅಂದರು. ಅವರಿಗೆ ಬ್ಯಾಂಕಿನ ಮೇಲೆ ಅಲ್ಲ, ಅಂಚೆ ಮೇಲೆ ಸಿಟ್ಟು.

ನನ್ನ ಎರಡನೇ ಪೆಟ್ಟನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆ ಮೊದಲ ಸಲ ಬೇಡ ಅನ್ನಿಸಿಕೊಂಡ ಮೇಲೆ, ಹಟಕ್ಕೆ ಬಿದ್ದು ಇನ್ನೊಂದು ಲಕೋಟೆಗೆ ಉತ್ತರ ಬರೆದಿದ್ದೆ. "1,000 ಡಾಲರ್‌ವರೆಗೆ" ಅಂತ ಇತ್ತು. ಈ "ವರೆಗೆ" ಅನ್ನುವ ಪದ ಚಿಕ್ಕದು, ಆದರೆ ಅದರ ಹೊಟ್ಟೆ ದೊಡ್ಡದು. ಕಾರ್ಡು ಬಂತು, ಮಿತಿ 300. ಬಂದ ದಿನವೇ 75 ಡಾಲರ್ ವಾರ್ಷಿಕ ಶುಲ್ಕ ಅದರಲ್ಲಿ ಬಿದ್ದಿತ್ತು. ಒಂದು ಬಿಸ್ಕತ್ತನ್ನೂ ಕೊಳ್ಳದೆ ನಾನು 75 ಡಾಲರ್ ಸಾಲಗಾರ್ತಿ. ಅಪ್ಪಯ್ಯ ಲಕೋಟೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದರು. 300ಕ್ಕೆ 75 ಅಂದರೆ ಸರಿಯಾಗಿ ಕಾಲು ಭಾಗ. ಇಷ್ಟು ಸರಿಯಾಗಿ ಕಾಲು ಭಾಗ ಹೇಗೆ ಬಂತು? 2009ರ ಕಾರ್ಡ್ ಆಕ್ಟ್ ಪ್ರಕಾರ ಮೊದಲ ವರ್ಷದ ಶುಲ್ಕಗಳು ಮಿತಿಯ ಶೇ. 25 ದಾಟಬಾರದು. ಬಾರದು ಅಂದದ್ದನ್ನು ಅವರು ಅಷ್ಟರವರೆಗೆ ಬರಬಹುದು ಅಂತ ಓದಿಕೊಂಡಿದ್ದಾರೆ. ಬೇಲಿ ಹಾಕಿದ್ದಕ್ಕೆ ಬೇಲಿಗೆ ಒರಗಿಯೇ ಗದ್ದೆ ಮಾಡಿದ ಹಾಗೆ.

ಇದು ನನ್ನ ದಡ್ಡತನ ಮಾತ್ರ ಅಂತ ಬಹಳ ದಿನ ಅಂದುಕೊಂಡಿದ್ದೆ. 2022ರಲ್ಲಿ ಗ್ರಾಹಕರಿಗೆ ಮೋಸ ಆಗದ ಹಾಗೆ ನೋಡಿಕೊಳ್ಳುವ ಇಲ್ಲಿನ ಫೆಡರಲ್ ಟ್ರೇಡ್ ಕಮಿಷನ್, ಕ್ರೆಡಿಟ್ ಸ್ಕೋರ್ ತೋರಿಸುವ ಕ್ರೆಡಿಟ್ ಕರ್ಮ ಅನ್ನುವ ಕಂಪನಿಯ ಮೇಲೆ ಕ್ರಮ ತೆಗೆದುಕೊಂಡಾಗ ಸ್ವಲ್ಪ ನಿರಾಳವಾಯಿತು. ಅವರದ್ದು ಲಕೋಟೆ ಅಲ್ಲ, ಇಮೇಲು ಮತ್ತು ವೆಬ್‌ಸೈಟು. ಮಾತು ಅದೇ: ನೀವು ಪ್ರಿ-ಅಪ್ರೂವ್ಡ್. ಅದನ್ನು ನಂಬಿ ಅರ್ಜಿ ಹಾಕಿದವರಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಬ್ಬರಿಗೆ ಇಲ್ಲ ಅನ್ನುವ ಉತ್ತರ ಬಂದಿತ್ತು ಅಂತ ಕಮಿಷನ್ ಹೇಳಿತು. ಕಂಪನಿ 30 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಕಮಿಷನ್ ದೂರಿನಲ್ಲಿ ಇನ್ನೊಂದು ವಿಷಯ ಇತ್ತು. "ನಿಮಗೆ ಸಿಗುವ ಸಾಧ್ಯತೆ ತುಂಬಾ ಚೆನ್ನಾಗಿದೆ" ಅಂತ ಬರೆದರೆ ಎಷ್ಟು ಜನ ಒತ್ತುತ್ತಾರೆ, "ಪ್ರಿ-ಅಪ್ರೂವ್ಡ್" ಅಂತ ಬರೆದರೆ ಎಷ್ಟು ಜನ ಒತ್ತುತ್ತಾರೆ ಅಂತ ಕಂಪನಿ ಪರೀಕ್ಷೆ ಮಾಡಿ ನೋಡಿತ್ತಂತೆ. ಎರಡನೆಯದೇ ಗೆದ್ದಿತು. ಆ ಒಂದು ಪದಕ್ಕೆ ನಾನೊಬ್ಬಳೇ ಬಿದ್ದದ್ದಲ್ಲ. ಅದಕ್ಕೆ ಜನ ಬೀಳುತ್ತಾರೆ ಅಂತ ಅಳೆದು ನೋಡಿಯೇ ಇಟ್ಟಿದ್ದರು.

ಆಗಸ್ಟ್‌ನಲ್ಲಿ ಅಪ್ಪಯ್ಯ ಒಂದು ದಿನ ಭೂತಗನ್ನಡಿ ಇಲ್ಲದೆಯೇ ಒಂದು ಸಾಲು ಓದಿದರು. ಅದೇ ಅವರಿಗೆ ಅನುಮಾನ. ಮೊದಲ ಪುಟದ ಕೆಳಗೆ ಒಂದು ಚೌಕಟ್ಟು, ಅದರಲ್ಲಿನ ಅಕ್ಷರ ಕಾಗದದ ಉಳಿದ ಅಕ್ಷರಕ್ಕಿಂತ ದೊಡ್ಡದು. "ಇಷ್ಟು ದೊಡ್ಡದಾಗಿ ಬರೆದಿದ್ದಾರೆ ಅಂದರೆ ಇದು ಇವರು ಇಷ್ಟಪಟ್ಟು ಬರೆದದ್ದಲ್ಲ," ಅಂದರು.

ಸರಿಯಾಗಿಯೇ ಹೇಳಿದ್ದರು. 2005ರಿಂದ ಜಾರಿಯಲ್ಲಿರುವ ನಿಯಮ ಅದು. ಇಂಥ ಕಾಗದ ಬೇಡ ಅನ್ನುವ ಹಕ್ಕು ನಿಮಗಿದೆ ಅಂತ ಮೊದಲ ಪುಟದಲ್ಲೇ, ಪುಟದ ಮುಖ್ಯ ಬರಹಕ್ಕಿಂತ ದೊಡ್ಡ ಅಕ್ಷರದಲ್ಲಿ, ಯಾವ ಕಾರಣಕ್ಕೂ 12 ಪಾಯಿಂಟಿಗಿಂತ ಚಿಕ್ಕದಲ್ಲದ ಹಾಗೆ ಬರೆಯಬೇಕು. ನಾನು ಎಂಟು ವರ್ಷ ಕಸಕ್ಕೆ ಹಾಕಿದ್ದು ಇದನ್ನೂ ಸೇರಿಸಿ. ಬೇಡ ಅನ್ನುವುದು ಹೇಗೆ ಅನ್ನುವ ಕಾಗದ, ಬೇಡ ಅಂತ ಎಸೆದ ಕಾಗದದ ಒಳಗೇ ಇತ್ತು.

ಅದರಲ್ಲಿನ ನಂಬರು 1-888-567-8688. ಎಲ್ಲ ಬ್ಯಾಂಕಿಗೂ ಇದೊಂದೇ ನಂಬರು, ಯಾಕೆಂದರೆ ಇದು ಬ್ಯಾಂಕಿನದ್ದಲ್ಲ, ಬ್ಯೂರೋಗಳದ್ದು. ಆಪ್ಟ್‌ಔಟ್‌ಪ್ರಿಸ್ಕ್ರೀನ್ ಡಾಟ್ ಕಾಮ್ ಅಂತ ವೆಬ್‌ಸೈಟೂ ಇದೆ. ಇಲ್ಲಿ ಇರುವವರು ಇದನ್ನು ಬರೆದಿಟ್ಟುಕೊಳ್ಳಿ, ಬೇರೆ ಯಾವುದೋ ಹೋಲುವ ಹೆಸರಿನ ಸೈಟಿಗೆ ಹೋಗಬೇಡಿ. ಮೂರು ದೊಡ್ಡ ಬ್ಯೂರೋ ಜೊತೆಗೆ ಇನ್ನೋವಿಸ್ ಅನ್ನುವ ನಾಲ್ಕನೆಯದೂ ಇದರಲ್ಲಿ ಸೇರಿದೆ. ಫೋನಿನಲ್ಲಿ ಅಥವಾ ಸೈಟಿನಲ್ಲಿ ಹೇಳಿದರೆ ಐದು ವರ್ಷ ನಿಲ್ಲುತ್ತದೆ. ಶಾಶ್ವತವಾಗಿ ಬೇಡ ಅಂದರೆ? ಒಂದು ಫಾರಂ ಪ್ರಿಂಟ್ ಮಾಡಿ, ಸಹಿ ಹಾಕಿ, ಅಂಚೆಯಲ್ಲಿ ಕಳಿಸಬೇಕು.

ಅಂಚೆಯಲ್ಲಿ! ಅಪ್ಪಯ್ಯನ ಮುಖ ನೋಡಬೇಕಿತ್ತು.

ಆವತ್ತಿನ ಕೆಲಸ ಪೂರ್ತಿ ಅವರದ್ದೇ. ಪ್ರಿಂಟರಿನಿಂದ ಬಂದ ಫಾರಂ ಬಿಸಿ ಆರುವವರೆಗೆ ಕಾದರು. ನನ್ನಿಂದ ಸಹಿ ಹಾಕಿಸಿದರು, ಗಂಡನದ್ದಕ್ಕೆ ಬೇರೆ ಫಾರಂ. ಮೂರು ಮಡಿಕೆ, ಉಗುರಲ್ಲಿ ಗೀರಿ. ವಿಳಾಸ ತಾವೇ ಬರೆದರು, ಪ್ರತಿ ಸಾಲಿನ ಕೊನೆಗೆ ಅಲ್ಪವಿರಾಮ. ಇಲ್ಲಿ ಫಾರೆವರ್ ಚೀಟಿ ಅಂತ ಸಿಗುತ್ತದೆ, ಆಗ ಅದಕ್ಕೆ 73 ಸೆಂಟು ಇತ್ತು, ಮುಂದೆ ದರ ಏರಿದರೂ ಅದೇ ಚೀಟಿ ನಡೆಯುತ್ತದೆ. ಈ ಏರ್ಪಾಡು ಅವರಿಗೆ ಭಾರಿ ಇಷ್ಟ. ಆದರೆ ಅಂಟು ಮೊದಲೇ ಇರುವ ಚೀಟಿ ಅಂತ ಬೇಸರ. ಅಭ್ಯಾಸಬಲ, ನಾಲಿಗೆ ಹೊರಗೆ ಬಂದೇ ಬಿಟ್ಟಿತ್ತು. ಎರಡೂ ಲಕೋಟೆಯನ್ನು ಡಬ್ಬಿಗೆ ಹಾಕದೆ, ಮೂರು ಗಂಟೆಗೆ ಬಂಡಿ ಬಂದಾಗ ಕೈಯಲ್ಲೇ ಕೊಟ್ಟು ಬಂದರು.

ತಕ್ಷಣ ನಿಲ್ಲಲಿಲ್ಲ. ಮೊದಲೇ ಮಾರಿದ ಪಟ್ಟಿಯ ಕಾಗದಗಳು ಬರುತ್ತಲೇ ಇದ್ದವು. ಸೆಪ್ಟೆಂಬರ್‌ನಲ್ಲಿ ಕಡಿಮೆಯಾಯಿತು. ಪೂರ್ತಿ ನಿಲ್ಲುವುದೂ ಇಲ್ಲ. ನಾವು ಖಾತೆ ಇಟ್ಟ ಬ್ಯಾಂಕಿನವರು ಕಳಿಸಬಹುದು, ಬ್ಯೂರೋ ಪಟ್ಟಿ ಬಳಸದೆ ಸುಮ್ನೆ "ಅರ್ಜಿ ಹಾಕಿ ಬನ್ನಿ" ಅನ್ನುವವರೂ ಕಳಿಸಬಹುದು. ಅಂಥದ್ದರ ಮೇಲೆ ಪ್ರಿ-ಅಪ್ರೂವ್ಡ್ ಇರುವುದಿಲ್ಲ, "ನಿಮಗೆ ಆಹ್ವಾನ" ಅಂತ ಇರುತ್ತದೆ. ಅಪ್ಪಯ್ಯ ಇವೆರಡಕ್ಕೂ ಡೈರಿಯಲ್ಲಿ ಬೇರೆ ಬೇರೆ ಕಾಲಂ ಮಾಡಿದ್ದರು. ಅಕ್ಟೋಬರ್ ಹತ್ತೊಂಬತ್ತನೇ ತಾರೀಕಿನ ಎದುರು "ಟಪಾಲು: ಇಲ್ಲ" ಅಂತಿದೆ. ಖುಷಿಯಲ್ಲಿ ಬರೆದದ್ದೋ ಬೇಜಾರಿನಲ್ಲೋ ಗೊತ್ತಿಲ್ಲ. ಆ ದಿನ ಮೂರು ಗಂಟೆಗೆ ಹೋಗಿ ಬರಿಗೈಯಲ್ಲಿ ಬಂದು, ಸೂಟ್‌ಕೇಸ್ ತೂಕ ನೋಡುತ್ತಾ ಕೂತಿದ್ದರು.

ಊರಿಗೆ ಹೋದ ಮೇಲೆ ಪ್ರತಿ ಭಾನುವಾರ ಫೋನಿನಲ್ಲಿ ಮೊದಲ ಪ್ರಶ್ನೆ, "ಈ ವಾರ ಎಷ್ಟು ಬಂತು?" ಎರಡು, ಮೂರು ಅಂತ ಹೇಳುತ್ತೇನೆ. ಕೆಲವು ಸಲ ಒಂದೂ ಬಂದಿರುವುದಿಲ್ಲ. ಆದರೂ ಎರಡು ಅನ್ನುತ್ತೇನೆ.

ಕಳೆದ ತಿಂಗಳು ಅವರೇ ಸುದ್ದಿ ಕೊಟ್ಟರು. ಪೆನ್ಷನ್ ಬರುವ ಖಾತೆಯ ಬ್ಯಾಂಕಿನಿಂದ ಅವರಿಗೆ ಒಂದು ಕಾಗದ ಬಂದಿದೆಯಂತೆ. ಕನ್ನಡದಲ್ಲೇ, "ಅಭಿನಂದನೆಗಳು, ನಿಮಗೆ ಕ್ರೆಡಿಟ್ ಕಾರ್ಡ್ ಮೊದಲೇ ಮಂಜೂರಾಗಿದೆ." ನಾನು ಗಾಬರಿಯಾಗಿ, ಏನೂ ಸಹಿ ಹಾಕಬೇಡಿ, ಓಟಿಪಿ ಕೊಡಬೇಡಿ, ಕೇಳದೆ ಕಾರ್ಡು ಕಳಿಸುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ ಅಂತ ಒಂದೇ ಉಸಿರಿಗೆ ಒದರಿದೆ.

"ಕೇಳು ಮಾರಾಯ್ತಿ. ಹಿಂದಿನ ಪುಟ ಓದಿದೆ. ಬಡ್ಡಿ ತಿಂಗಳಿಗೆ ಮೂರೂವರೆ ಅಂತ ಬರೆದಿದ್ದಾರೆ. ವರ್ಷಕ್ಕೆ ನಲವತ್ತೆರಡು. ನಿನ್ನ ಡಕೋಟಾದವರೇ ವಾಸಿ."

"ಮತ್ತೆ ಏನು ಮಾಡಿದ್ರಿ?"

"ಉತ್ತರ ಬರೆದೆ. ಐವತ್ತು ಪೈಸೆ ಕಾರ್ಡಿನಲ್ಲಿ. ಮಂಜೂರು ಮಾಡಿದ್ದಕ್ಕೆ ವಂದನೆಗಳು, ಅರ್ಜಿ ಹಾಕಿದ ನೆನಪಿಲ್ಲ, ಅರ್ಜಿಯ ಪ್ರತಿ ಇದ್ದರೆ ಕಳಿಸಿಕೊಡಿ ಅಂತ. ಹದಿನೈದು ದಿನ ಆಯ್ತು, ಇನ್ನೂ ಉತ್ತರ ಇಲ್ಲ. ನಾಳೆ ಇನ್ನೊಂದು ಹಾಕ್ತೇನೆ."